ಸಣ್ಣ ಲಾರಿಯ ಆಯ್ಕೆಯೂ ಹೊರೆಯ ಮೇಲೆ ಕುಳಿತವರೂ

ಬೆಳಗಿನ ಜಾವ ಮೂರರಿಂದ ಐದು ಘಂಟೆಯೊಳಗೆ ಬಳ್ಳಾರಿ ರಸ್ತೆಯಲ್ಲಿ ಜಕ್ಕೂರಿನ ಬಳಿ ನಿಂತು ನೋಡಿದವರಿಗೆ, ಬೆಂಗಳೂರು ನಗರವು ಯಾವ ಗಾಲಿಗಳ ಮೇಲೆ ಬಂದ ಅನ್ನವನ್ನು ಉಣ್ಣುತ್ತಿದೆಯೆಂಬುದು ತಾನಾಗಿಯೇ ತಿಳಿದುಬರುತ್ತದೆ. ಚಿಕ್ಕಬಳ್ಳಾಪುರದ ಕೆಎ 40, ದೇವನಹಳ್ಳಿಯ ಕೆಎ 43, ಯಲಹಂಕದ ಕೆಎ 50 ಎಂಬ ಗುರುತುಗಳನ್ನು ಹೊತ್ತ ಸಣ್ಣ ಲಾರಿಗಳು ಒಂದರ ಹಿಂದೊಂದು ಹೆಬ್ಬಾಳದ ಕಡೆಗೆ ಇಳಿಯುತ್ತವೆ. ಕೆಲವುಗಳಲ್ಲಿ ಹೂ, ಕೆಲವುಗಳಲ್ಲಿ ಕೋಸು, ಮೂಲಂಗಿ, ಟೊಮೆಟೊ. ಬಹಳ ವಾಹನಗಳಲ್ಲಿ ಹೊರೆಯ ಮೇಲೆ ಕಂಬಳಿ ಹೊದ್ದು ಕುಳಿತ ಎರಡು ಮೂರು ಆಕೃತಿಗಳೂ ಕಾಣುತ್ತವೆ. ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ವಿಮಾನ ಹಿಡಿಯುವ ಆತುರದ ಕಾರುಗಳು ಬಾಣದಂತೆ ಹೋಗುತ್ತವೆ, ಬರುತ್ತವೆ. ಈ ಎರಡು ಬಗೆಯ ಪ್ರಯಾಣಗಳು ಒಂದೇ ದಾರಿಯನ್ನು ಹಂಚಿಕೊಂಡಿರುವುದರಿಂದ ಹುಟ್ಟುವ ಅಪಾಯದ ವಿಷಯದಲ್ಲಿ ಸರ್ಕಾರದವರೂ ಬೆಳೆಗಾರರೂ ಸಾಕಷ್ಟು ಆಲೋಚಿಸಿಲ್ಲವೆಂದು ಹೇಳದೆ ವಿಧಿಯಿಲ್ಲ.

ಜಕ್ಕೂರೇ ಒಂದು ಕಾಲಕ್ಕೆ ಹೊಲ ತೋಟಗಳ ಗ್ರಾಮವಾಗಿದ್ದಿತು. 2003-04ರಲ್ಲಿ ಅಭಿವೃದ್ಧಿ ಪ್ರಾಧಿಕಾರದವರು ಅರ್ಕಾವತಿ ಬಡಾವಣೆಗೆಂದು ಹದಿನಾರು ಗ್ರಾಮಗಳ ಭೂಮಿಯನ್ನು ಗುರುತಿಸಿದಾಗ ಅವುಗಳಲ್ಲಿ ಜಕ್ಕೂರೂ ಒಂದು. ಅಮೃತಹಳ್ಳಿ, ಸಂಪಿಗೆಹಳ್ಳಿ, ಥಣಿಸಂದ್ರಗಳೂ ಕೂಡಿದ್ದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಮೇಲೆ ಉಳಿದದ್ದೂ ನಿವೇಶನವಾಯಿತು. ಹೀಗೆ ನಗರವು ಹತ್ತಿರದ ಹೊಲವನ್ನು ನುಂಗಿದಷ್ಟೂ ದೂರದ ಹೊಲವನ್ನು ಅವಲಂಬಿಸಬೇಕಾಗಿ ಬಂದಿತು. ಹಿಂದೆ ಎತ್ತಿನ ಗಾಡಿ ಒಂದು ಜಾವದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಈಗ ನಲವತ್ತು ಐವತ್ತು ಮೈಲಿ ಓಡುವ ಮೋಟಾರು ಬೇಕು. ಜಮೀನು, ಕೊಳವೆ ಬಾವಿ ಇವೆರಡನ್ನು ಬಿಟ್ಟರೆ ತರಕಾರಿ ಬೆಳೆಗಾರನು ತನ್ನ ಆಯುಷ್ಯದಲ್ಲಿ ಮಾಡುವ ಅತಿ ದೊಡ್ಡ ಖರೀದಿಯು ಇಂದು ಈ ಸಣ್ಣ ಲಾರಿಯೇ ಆಗಿದೆ. ಹೆದ್ದಾರಿಯ ಪಡುವಣ ಮಗ್ಗುಲಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ಮೇಳಕ್ಕೆ ವರ್ಷವರ್ಷವೂ ಬರುವ ರೈತರು ಬೀಜವನ್ನು ಕುರಿತು ಹತ್ತು ಪ್ರಶ್ನೆ ಕೇಳುತ್ತಾರೆ, ಗೊಬ್ಬರವನ್ನು ಕುರಿತು ಹತ್ತು ಕೇಳುತ್ತಾರೆ. ಲಾರಿಯನ್ನು ಕೊಳ್ಳುವಾಗ ಮಾತ್ರ ಒಂದೇ ಪ್ರಶ್ನೆ: ಎಷ್ಟು ಎಳೆಯುತ್ತದೆ?

ಈ ಬಗೆಯ ವಾಹನವು ನಮ್ಮ ದೇಶದಲ್ಲಿ ರೂಢಿಗೆ ಬಂದದ್ದು ಬಹಳ ಹಿಂದಿನ ಮಾತಲ್ಲ. 2005ರ ಮೇ ತಿಂಗಳಲ್ಲಿ ಟಾಟಾ ಕಂಪೆನಿಯವರು ಏಸ್ ಎಂಬ ನಾಲ್ಕು ಗಾಲಿಯ ಸಣ್ಣ ವಾಹನವನ್ನು ಹೊರತಂದರು. ಎರಡು ಸಿಲಿಂಡರಿನ ಎಂಜಿನು, ಹದಿನಾರು ಕುದುರೆಗಳ ಬಲ, ಮುಕ್ಕಾಲು ಟನ್ನಿನ ಹೊರೆ. ಮೂರು ಗಾಲಿಯ ಆಟೋವಿಗೂ ದೊಡ್ಡ ಲಾರಿಗೂ ನಡುವೆ ಇದ್ದ ತೆರವನ್ನು ಅದು ತುಂಬಿತು. ಜನರು ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು. ಅನಂತರ 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್, 2015ರಲ್ಲಿ ಮಹೀಂದ್ರದವರ ಜೀತೊ, 2016ರಲ್ಲಿ ಮಾರುತಿಯ ಸೂಪರ್ ಕ್ಯಾರಿ ಬಂದವು. ಬೊಲೆರೊ ಪಿಕಪ್ಪಂತೂ ಹಳ್ಳಿಹಳ್ಳಿಯಲ್ಲಿ ಮನೆಮಾತು. ನಮ್ಮ ಹಳ್ಳಿಯ ರಸ್ತೆಗೆ, ನಮ್ಮ ಕಿಸೆಗೆ, ನಮ್ಮವರ ಕೈಯಿಂದಲೇ ಒಂದು ವಾಹನವನ್ನು ರೂಪಿಸಬಹುದೆಂದು ತೋರಿಸಿದ ಈ ಉದ್ಯಮವನ್ನು ನಾವು ಮನಃಪೂರ್ವಕವಾಗಿ ಶ್ಲಾಘಿಸುತ್ತೇವೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆಯನ್ನು ಹಿಡಿದು ಅಂದಿನ ಅಧಿಕಾರಿಗಳ ಬಾಗಿಲಿಗೆ ತಿರುಗಿ ಬರಿಗೈಯಲ್ಲಿ ಬಂದುದನ್ನು ಬಲ್ಲವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಆದರೆ ವಾಹನವನ್ನು ಮಾಡುವವರು ಒಂದು ಲೆಕ್ಕದಿಂದ ಮಾಡುತ್ತಾರೆ, ಕೊಳ್ಳುವವರು ಬೇರೊಂದು ಲೆಕ್ಕದಿಂದ ಓಡಿಸುತ್ತಾರೆ.

ಆ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡುವುದು ಮೇಲು. ಕೋಲಾರ, ಚಿಕ್ಕಬಳ್ಳಾಪುರಗಳ ಸೀಮೆಯಲ್ಲಿ ಟೊಮೆಟೊ ಪೆಟ್ಟಿಗೆಯೊಂದಕ್ಕೆ 15 ಕಿಲೋ ಎಂಬುದು ರೂಢಿ. ಮುಕ್ಕಾಲು ಟನ್ನಿನ ವಾಹನವು ಅಂಥ ಐವತ್ತು ಪೆಟ್ಟಿಗೆಗಳನ್ನು ಹೊರಬಲ್ಲುದು. ಖಾಲಿ ಪೆಟ್ಟಿಗೆಯ ತೂಕವನ್ನೂ ಹಿಡಿದರೆ ನಲವತ್ತೈದೇ ಸರಿ. ಆದರೆ ಅದರ ಹಿಂಬದಿಯ ಕಟ್ಟೆಯನ್ನು ಒಂದು ಮೊಳ ಎತ್ತರಿಸಿದರೆ ನೂರು ಪೆಟ್ಟಿಗೆಗೆ ಜಾಗವಾಗುತ್ತದೆ. ಜಾಗವಿದ್ದಲ್ಲಿ ಮಾಲು ತುಂಬುವುದು ಮನುಷ್ಯ ಸ್ವಭಾವ. ಗಾಡಿ ತೀರ ಕೆಳಗೆ ಕುಸಿದರೆ ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಕಟ್ಟಿಸಿದರಾಯಿತು. ಆಗ ಅದು ಕುಸಿಯುವುದೂ ಇಲ್ಲ, ನೋಡುವವರಿಗೆ ಅನುಮಾನವೂ ಬರುವುದಿಲ್ಲ. ಹೀಗೆ ಒಂದು ಸಲದಲ್ಲಿ ಆಗುವುದಕ್ಕೆ ಎರಡು ಸಲ ಏಕೆ ಡೀಸೆಲು ಸುಡಬೇಕೆಂಬ ಅವರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ದಿನ ಬಾಡಿಗೆಯ ಹಣವೂ ಹುಟ್ಟದೆ ಮಾಲನ್ನು ರಸ್ತೆಗೆ ಸುರಿದು ಹೋದವರ ಕಷ್ಟವನ್ನು ಕಂಡವರು ಯಾರೂ ಹಾಗೆ ಕಾಣಲಾರರು. ಆದರೆ ಪಟ್ಟಿ ಕಟ್ಟಿಸಿದಾತನು ಬ್ರೇಕನ್ನು ಬದಲಿಸಲಿಲ್ಲ, ಟೈರನ್ನು ಬದಲಿಸಲಿಲ್ಲ, ಗಾಲಿಗಳ ನಡುವಣ ಅಗಲವನ್ನು ಹೆಚ್ಚಿಸಲಿಲ್ಲ. ಸ್ಪ್ರಿಂಗು ತಾಳಿತೆಂಬ ಮಾತ್ರಕ್ಕೆ ಉಳಿದ ಅಂಗಗಳು ತಾಳುವುವೆ?

ಜಕ್ಕೂರಿನಲ್ಲಿಯೇ ಇದಕ್ಕೆ ಒಂದು ಪಾಠಶಾಲೆಯಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1948ರಲ್ಲಿ, ಏರ್ಪಟ್ಟ ವಿಮಾನ ಮೈದಾನವೂ ಸರ್ಕಾರದ ವಿಮಾನ ಚಾಲನಾ ಶಾಲೆಯೂ ಈ ಹೆದ್ದಾರಿಗೆ ಅಂಟಿಕೊಂಡಂತೆಯೇ ಇವೆ. ಅಲ್ಲಿ ಕಲಿಯುವ ಹುಡುಗನು ಆಕಾಶಕ್ಕೆ ಏರುವ ಮುನ್ನ ಕೂರುವವರ ತೂಕವೆಷ್ಟು, ಇಂಧನದ ತೂಕವೆಷ್ಟು, ಗಂಟುಮೂಟೆಯ ತೂಕವೆಷ್ಟು, ಅದು ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಕಾಗದದ ಮೇಲೆ ಕೂಡಿಸಿ ಕಳೆದು ತೋರಿಸಬೇಕು. ಮಿತಿ ಮೀರಿದರೆ ವಿಮಾನವು ಏಳುವಂತಿಲ್ಲ. ಬೇಲಿಯ ಈಚೆ ಅಷ್ಟೇ ತೂಕದ, ಬಹುಶಃ ಅದಕ್ಕಿಂತ ಹೆಚ್ಚಿನ ತೂಕದ ಯಂತ್ರವು ಜನರ ನಡುವೆಯೇ ಓಡುತ್ತದೆ. ಅದನ್ನು ತೂಗಿ ನೋಡುವವರು ಯಾರು? ಮಂಡಿಯ ತಕ್ಕಡಿಯು ಮಾಲಿನ ಬೆಲೆಯನ್ನು ಹೇಳುತ್ತದೆಯೇ ಹೊರತು ಗಾಡಿಯ ಮಿತಿಯನ್ನಲ್ಲ. ನೋಂದಣಿ ಪತ್ರದಲ್ಲಿ ಬರೆದಿರುವ ಒಟ್ಟು ತೂಕದಲ್ಲಿ ಗಾಡಿ, ಮಾಲು, ಚಾಲಕ, ಜೊತೆಯವರು ಎಲ್ಲವೂ ಸೇರಿರುತ್ತವೆಂಬುದು ಎಷ್ಟು ಮಂದಿ ಮಾಲೀಕರಿಗೆ ತಿಳಿದಿದೆಯೋ ನಾವು ಅರಿಯೆವು.

ಹೊರೆ ಹೆಚ್ಚಿದಾಗ ಏನಾಗುತ್ತದೆಂಬುದು ಗೂಢವಾದ ಶಾಸ್ತ್ರವೇನೂ ಅಲ್ಲ. ವೇಗವು ಇಮ್ಮಡಿಯಾದರೆ ಬ್ರೇಕು ಕರಗಿಸಬೇಕಾದ ಶಕ್ತಿಯು ನಾಲ್ಕು ಮಡಿಯಾಗುತ್ತದೆ. ತೂಕವು ಇಮ್ಮಡಿಯಾದರೆ ಅದೂ ಇಮ್ಮಡಿ. ಮೇಲ್ಸೇತುವೆಯ ಇಳಿಜಾರಿನಲ್ಲಿ ಮುಂದಿನ ಕಾರು ಥಟ್ಟನೆ ನಿಂತಾಗ ಕಾರಿನವನಿಗೆ ಸಾಕಾಗುವ ಅಂತರವು ಹೊರೆಗಾಡಿಗೆ ಸಾಲದು. ಎತ್ತರಕ್ಕೆ ಪೇರಿಸಿದ ಮಾಲು ತಿರುವಿನಲ್ಲಿ ಹೊರಕ್ಕೆ ವಾಲಿಸುತ್ತದೆ. ಬಾಲಭಾರದಿಂದ ಮುಂಗಾಲಿ ಹಗುರವಾದರೆ ಚಕ್ರದ ಕೈ ಹಿಡಿತ ತಪ್ಪುತ್ತದೆ, ಮುಂದೀಪವು ರಸ್ತೆಯನ್ನು ಬಿಟ್ಟು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಹಿಂದೀಪವನ್ನು ಟಾರ್ಪಾಲು ಮುಚ್ಚಿರುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕಂಪೆನಿಗಳ ಪರವಾಗಿ ಮಾತನಾಡುವುದು ನಮ್ಮ ಕೆಲಸವಲ್ಲ. ಆದರೂ ಇಷ್ಟು ಹೇಳಬಹುದು. ತನ್ನ ತೋಟದಿಂದ ಸುಗ್ಗಿಯಲ್ಲಿ ದಿನಕ್ಕೆ ಎಷ್ಟು ಮಾಲು ಹೊರಡುತ್ತದೆಂಬುದನ್ನು ಬೆಳೆಗಾರನು ಮೊದಲು ತೂಗಿಕೊಳ್ಳಲಿ. ಅದು ಒಂದೂಕಾಲು ಟನ್ನಾದರೆ ಮುಕ್ಕಾಲು ಟನ್ನಿನ ಗಾಡಿಯನ್ನು ಅಗ್ಗವೆಂದು ಕೊಂಡು ದಿನವೂ ಹಿಂಸಿಸುವುದಕ್ಕಿಂತ, ಒಂದೂವರೆ ಟನ್ನಿನದನ್ನು ನಾಲ್ಕಾರು ಮಂದಿ ಕೂಡಿ ಕೊಳ್ಳುವುದು ಲಾಭದಲ್ಲಿಯೂ ಮೇಲು. ದಿನವೂ ಹೆದ್ದಾರಿಯಲ್ಲಿ ಓಡಬೇಕಾದವರು ಚಪ್ಪಟೆ ಮುಖದ ಗಾಡಿಗಿಂತ ಮುಂದೆ ಮೂತಿಯುಳ್ಳದ್ದನ್ನು ಆರಿಸುವುದು ವಿವೇಕ. ಮೊದಲನೆಯದರಲ್ಲಿ ಚಾಲಕನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ಇರುವುದು ತೆಳುವಾದ ತಗಡು ಮಾತ್ರ. ಹನ್ನೆರಡು ಅಂಗುಲದ ಪುಟ್ಟ ಗಾಲಿಯು ಪೇಟೆಯ ಓಣಿಗೆ ಚೆನ್ನು, ಗುಂಡಿ ಬಿದ್ದ ರಸ್ತೆಯ ವೇಗಕ್ಕೆ ಅಲ್ಲ. ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಹಗುರವಾದ ಹೂವನ್ನು ಒಯ್ಯುವವರಿಗೆ 2022ರಲ್ಲಿ ಬಂದ ವಿದ್ಯುತ್ತಿನ ಏಸ್‌ನಂಥದ್ದು ಸಾಕಾಗಬಹುದು. ಅದರ ಹೊರೆ 600 ಕಿಲೋ. ಕೂಲಿಯಾಳುಗಳನ್ನು ಜೊತೆಗೆ ಕರೆದೊಯ್ಯಲೇಬೇಕಾದವರಿಗೆ ಎರಡು ಸಾಲು ಆಸನವುಳ್ಳ ಕ್ಯಾಂಪರ್ ಬಗೆಯ ವಾಹನಗಳಿವೆ. ಹಳೆಯ ಗಾಡಿಯನ್ನು ಕೊಳ್ಳುವವರು ಬಣ್ಣವನ್ನು ನೋಡದೆ ಸ್ಪ್ರಿಂಗಿನ ಪಟ್ಟಿಗಳನ್ನು ಎಣಿಸಲಿ. ಅದರ ಪೂರ್ವಾಶ್ರಮದ ಚರಿತ್ರೆಯೆಲ್ಲವೂ ಅಲ್ಲಿಯೇ ಬರೆದಿರುತ್ತದೆ.

ಜಪಾನಿನ ರೈತರ ಬಳಿ ನಮ್ಮದಕ್ಕಿಂತಲೂ ಸಣ್ಣದಾದ ಲಾರಿಯಿದೆ. ಅಲ್ಲಿಯ ಕಾನೂನು ಅದರ ಎಂಜಿನನ್ನು 660 ಸಿ.ಸಿ.ಗೂ, ಉದ್ದವನ್ನು 3.4 ಮೀಟರಿಗೂ, ಹೊರೆಯನ್ನು 350 ಕಿಲೋವಿಗೂ ಕಟ್ಟಿಹಾಕಿದೆ. ಗದ್ದೆಯಿಂದ ಸಹಕಾರ ಸಂಘದ ಮಳಿಗೆಗೆ ಹೋಗಿ ಬರುವುದೇ ಅದರ ಧರ್ಮ. ಅದೇ ಗಾಡಿಯು ಹಳೆಯದಾಗಿ ಅಮೆರಿಕಕ್ಕೆ ಹೋದಾಗ ಅಲ್ಲಿಯ ಕೆಲವು ಸಂಸ್ಥಾನಗಳವರು ಅದನ್ನು ಹೆದ್ದಾರಿಗೆ ತಕ್ಕದ್ದಲ್ಲವೆಂದು ನೋಂದಣಿಯನ್ನೇ ನಿರಾಕರಿಸಿದರು. ಗಾಡಿ ಕೆಟ್ಟದೆಂದಲ್ಲ, ಅದರ ಜಾಗ ಬೇರೆ ಎಂದು.

ನಮ್ಮಲ್ಲಿ ಈ ವಿವೇಚನೆಯನ್ನು ಕೊಳ್ಳುವವನ ತಲೆಗೇ ಬಿಟ್ಟಿದ್ದೇವೆ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯು ಡಿಕ್ಕಿಯನ್ನು ತಾಳುವ ಶಕ್ತಿಗೆ ತಕ್ಕಂತೆ ನಕ್ಷತ್ರಗಳನ್ನು ಕೊಡುತ್ತದೆ. ಆದರೆ ಅದು ಏರ್ಪಟ್ಟದ್ದು ಕಾರುಗಳಿಗಾಗಿ. ಚಾಲಕನ ಕೋಣೆಗೆ ತಂಪುಯಂತ್ರವಿರಬೇಕೆಂದು 2025ರ ಅಕ್ಟೋಬರ್ 1ರಿಂದ ನಡೆಯುತ್ತಿರುವ ನಿಯಮವು ಮೂರೂವರೆ ಟನ್ನನ್ನು ಮೀರಿದ ಲಾರಿಗಳಿಗೆ ಮಾತ್ರ. ಕಾರಿನವನಿಗೊಂದು ರಕ್ಷಣೆ, ದೊಡ್ಡ ಲಾರಿಯವನಿಗೊಂದು ರಕ್ಷಣೆ. ಮಧ್ಯದವನು ಎರಡಕ್ಕೂ ಹೊರಗು. ಇನ್ನು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಕಾರನ್ನು ನಡೆಯಿಸುವ ಹಗುರ ವಾಹನದ ಲೈಸೆನ್ಸುಳ್ಳವರು 7,500 ಕಿಲೋ ಮೀರದ ಸರಕು ವಾಹನವನ್ನೂ ನಡೆಯಿಸಬಹುದೆಂದು ತೀರ್ಪಿತ್ತಿತು. ಬಡ ಚಾಲಕರ ಹೊಟ್ಟೆಯ ದೃಷ್ಟಿಯಿಂದ ಈ ತೀರ್ಪು ನ್ಯಾಯವಾದುದೇ. ಆದರೆ ಖಾಲಿ ಕಾರಿನಲ್ಲಿ ಪರೀಕ್ಷೆ ಕೊಟ್ಟವನು ಮರುದಿನವೇ ನೂರು ಪೆಟ್ಟಿಗೆ ಟೊಮೆಟೊ ಹೊತ್ತ ಗಾಡಿಯನ್ನು ನಡುರಾತ್ರಿ ಹೆಬ್ಬಾಳಕ್ಕೆ ಇಳಿಸಬಹುದೆಂದು ಅದರ ಅರ್ಥವಾದಾಗ, ಹೊರೆಯ ನಡಿಗೆಯನ್ನು ಕಲಿಸುವ ಹೊಣೆ ಸಾರಿಗೆ ಇಲಾಖೆಯ ಮೇಲೆ ಬೀಳುತ್ತದೆ. ಅಧಿಕ ಭಾರಕ್ಕೆ 2019ರ ತಿದ್ದುಪಡಿಯು ಇಪ್ಪತ್ತು ಸಾವಿರ ರೂಪಾಯಿ ದಂಡವನ್ನೂ, ಮೇಲಿನ ಟನ್ನೊಂದಕ್ಕೆ ಎರಡು ಸಾವಿರವನ್ನೂ ವಿಧಿಸಿದೆ. ತೂಗದೆ ಇದ್ದಮೇಲೆ ದಂಡದ ಮೊತ್ತ ಎಷ್ಟಿದ್ದರೇನು?

ಈಗ ಹೊರೆಯ ಮೇಲೆ ಕಂಬಳಿ ಹೊದ್ದು ಕುಳಿತವರ ವಿಚಾರಕ್ಕೆ ಬರುವ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟ ಲಾರಿಯೊಂದು ಯಲ್ಲಾಪುರದ ಅರೆಬೈಲು ಘಟ್ಟದ ಬಳಿ ಕಂದಕಕ್ಕೆ ಉರುಳಿತು. ಅದರಲ್ಲಿ ಮಾಲಿನೊಡನೆ ಇಪ್ಪತ್ತಕ್ಕೂ ಹೆಚ್ಚು ಮಂದಿ ವ್ಯಾಪಾರಿಗಳಿದ್ದರು. ಹತ್ತು ಮಂದಿ ಮೃತರಾದರು. ಅದು ದೊಡ್ಡ ಲಾರಿ, ಅದು ಘಟ್ಟ, ಇದು ಸಣ್ಣ ಗಾಡಿ, ಇದು ಬಯಲು ಎಂದು ಯಾರಾದರೂ ಹೇಳಿಯಾರು. ಆದರೆ ಮಾಲಿನ ಮೇಲೆ ಮನುಷ್ಯನನ್ನು ಕೂರಿಸುವ ರೂಢಿಯು ಎರಡೂ ಕಡೆ ಒಂದೇ. ಅವನಿಗೆ ಹಿಡಿಯಲು ಕಂಬಿಯಿಲ್ಲ, ಕಟ್ಟಿಕೊಳ್ಳಲು ಪಟ್ಟಿಯಿಲ್ಲ, ಗಾಡಿ ಮಗುಚಿದರೆ ಅವನ ಮೇಲೆ ಬೀಳುವುದು ಅವನದೇ ಮೂಟೆ. ಸತ್ತಮೇಲೂ ಅವನ ಸಂಕಟ ಮುಗಿಯುವುದಿಲ್ಲ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿ ಬಂದವರಿಗೆ ವಿಮಾ ಕಂಪೆನಿಯು ಹೊಣೆಯಲ್ಲವೆಂದು 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ ನಿರ್ಣಯಿಸಿದೆ. ಮಾಲಿನ ಒಡೆಯನಿಗೋ ಅವನ ಅಧಿಕೃತ ಪ್ರತಿನಿಧಿಗೋ 1994ರ ತಿದ್ದುಪಡಿಯ ಆಶ್ರಯವುಂಟು. ದಾರಿಯಲ್ಲಿ ಹತ್ತಿಸಿಕೊಂಡ ಕೂಲಿ ಹೆಂಗಸಿಗೆ ಅದಿಲ್ಲ. ಆಗ ಉಳಿಯುವುದು ಗಾಡಿಯ ಮಾಲೀಕನ ಮನೆ ಮಠ, ಅವನೂ ಸಾಲಗಾರನೇ.

ಇವರು ಏಕೆ ಹತ್ತುತ್ತಾರೆ? ಮೂರು ಘಂಟೆಗೆ ಮಾರುಕಟ್ಟೆ ಮುಟ್ಟಬೇಕಾದವಳಿಗೆ ಎರಡು ಘಂಟೆಗೆ ಊರಿನಿಂದ ಬಸ್ಸು ಎಲ್ಲಿದೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ದರವಿಲ್ಲ. ಒಳ್ಳೆಯದಾಯಿತು, ಆದರೆ ಬಾರದ ಬಸ್ಸಿನಲ್ಲಿ ದರವಿಲ್ಲದಿರುವುದರಿಂದ ಹೂ ಮಾರುವವಳಿಗೆ ಏನು ಬಂತು? ಬಂದರೂ ಎರಡು ಕುಕ್ಕೆ ಹೂವನ್ನೂ ಒಂದು ಮೂಟೆ ಸೊಪ್ಪನ್ನೂ ಒಳಕ್ಕೆ ಬಿಟ್ಟುಕೊಳ್ಳುವ ಕಂಡಕ್ಟರು ಬೇಕಷ್ಟೆ. ಪೊಲೀಸಿನವರು ಅಡ್ಡಗಟ್ಟಿ ಹತ್ತು ಮಂದಿಯನ್ನು ಇಳಿಸಿ ದಂಡ ಹಾಕಿದರೆ ಅವರು ಮುಂದಿನ ಗಾಡಿಯನ್ನು ಹತ್ತುತ್ತಾರೆ. ಬೇರೆ ದಾರಿಯಿಲ್ಲದವರು ಮತ್ತೇನು ಮಾಡಿಯಾರು? ರಾಜ್ಯ ರಸ್ತೆ ಸಾರಿಗೆ ನಿಗಮದವರು 2021ರಿಂದ ಬಸ್ಸುಗಳಲ್ಲಿ, 2023ರ ಡಿಸೆಂಬರಿನಿಂದ ಸ್ವಂತ ಲಾರಿಗಳಲ್ಲಿ, ನಮ್ಮ ಕಾರ್ಗೋ ಎಂಬ ಹೆಸರಿನಿಂದ ಸರಕು ಸಾಗಿಸುವ ಉದ್ಯಮವನ್ನು ಕೈಗೊಂಡಿದ್ದಾರೆ. ಸರಕನ್ನೂ ಜನರನ್ನೂ ಬೇರೆಬೇರೆಯಾಗಿ ಒಯ್ಯಬಲ್ಲ ಸಂಸ್ಥೆಯು ಎರಡನ್ನೂ ಒಂದೇ ವಾಹನದಲ್ಲಿ ಕ್ರಮವಾಗಿ ಒಯ್ಯಲಾರದೆ?

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿಗಳಿಂದ ಯಲಹಂಕ, ಜಕ್ಕೂರು, ಹೆಬ್ಬಾಳಗಳ ಮಾರ್ಗವಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ, ರಾತ್ರಿ ಒಂದೂವರೆಯಿಂದ ನಾಲ್ಕರೊಳಗೆ, ಅರ್ಧ ಆಸನಗಳನ್ನು ಕಿತ್ತು ಮೂಟೆಗೆ ಜಾಗ ಮಾಡಿದ ನಾಲ್ಕು ಬಸ್ಸುಗಳನ್ನು ಆರು ತಿಂಗಳ ಮಟ್ಟಿಗೆ ಪ್ರಯೋಗಾರ್ಥವಾಗಿ ಬಿಡಬೇಕೆಂದು ನಾವು ಸಾರಿಗೆ ಮಂತ್ರಿಗಳನ್ನು ಕೇಳುತ್ತೇವೆ. ಅದರೊಡನೆ ಯಲಹಂಕದ ಬಳಿ ಹೆದ್ದಾರಿಯ ಮಗ್ಗುಲಲ್ಲಿ, ದಂಡಕ್ಕಾಗಿ ಅಲ್ಲದೆ ತಿಳಿವಳಿಕೆಗಾಗಿ, ಪುಕ್ಕಟೆಯಾಗಿ ತೂಗಿ ಚೀಟಿ ಕೊಡುವ ಒಂದು ತೂಕದ ಸೇತುವೆಯನ್ನು ಏರ್ಪಡಿಸಲಿ; ಮೂರು ಸಲ ಮಿತಿ ಮೀರಿದವರಿಗೆ ಮಾತ್ರ ಕಾಯಿದೆಯನ್ನು ತೋರಿಸಲಿ. ಮುಂದಿನ ಕೃಷಿ ಮೇಳದಲ್ಲಿ ವಿಶ್ವವಿದ್ಯಾನಿಲಯದವರು ಟ್ರ್ಯಾಕ್ಟರು ಟಿಲ್ಲರುಗಳ ಮಗ್ಗುಲಲ್ಲಿ ಒಂದು ಖಾಲಿ ಗಾಡಿಯನ್ನೂ ಒಂದು ತುಂಬಿದ ಗಾಡಿಯನ್ನೂ ನಿಲ್ಲಿಸಿ, ಎರಡನ್ನೂ ಒಂದೇ ವೇಗದಿಂದ ಓಡಿಸಿ, ಬ್ರೇಕು ಹಾಕಿದಮೇಲೆ ಯಾವುದು ಎಷ್ಟು ಗಜ ದೂರ ಹೋಗಿ ನಿಂತಿತೆಂದು ಸುಣ್ಣದ ಗೆರೆ ಎಳೆದು ತೋರಿಸಲಿ. ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಮೈದಾನವಿದೆ, ರೈತರು ಬರುತ್ತಾರೆ.