ದುರ್ಬೀನು ತಲುಪಿದ ಮೇಲೆ

ಲಿಲಿ ಎಂಬ ಪುಟ್ಟ ಹುಡುಗಿ ಕಿಟಕಿಯ ಪಕ್ಕ ದುರ್ಬೀನು ಇಟ್ಟುಕೊಂಡು ಚಂದ್ರನನ್ನು ನೋಡುತ್ತಿದ್ದಾಳೆ. ಅಲ್ಲೊಬ್ಬ ಮುದುಕ ಕಾಣಿಸುತ್ತಾನೆ. ಒಂದು ಗುಡಿಸಲು, ಅದರಾಚೆ ಬರೀ ಬೂದು ಬಯಲು. ಹುಡುಗಿ ಕೈಬೀಸಿದರೆ ಅವನಿಗೆ ಕಾಣದು, ಕಾಗದ ಬರೆದರೆ ಮುಟ್ಟದು. ಕಡೆಗೆ ಕ್ರಿಸ್‌ಮಸ್ ದಿನ ಬಲೂನುಗಳಿಗೆ ಕಟ್ಟಿದ ಒಂದು ಪೊಟ್ಟಣ ತೇಲಿಕೊಂಡು ಅವನ ಹತ್ತಿರ ಬರುತ್ತದೆ. ಬಿಚ್ಚಿದರೆ ಒಳಗೆ ದುರ್ಬೀನು. ಕಣ್ಣಿಗೆ ಹಿಡಿದಾಗ ಭೂಮಿಯ ಮೇಲೆ, ತನ್ನ ಮನೆಯಲ್ಲಿ ನಿಂತು ಕೈಬೀಸುತ್ತಿರುವ ಹುಡುಗಿ ಕಾಣುತ್ತಾಳೆ. ಮುದುಕನ ಕಣ್ಣು ತುಂಬುತ್ತದೆ.

ಇದು ಬ್ರಿಟನ್ನಿನ ಜಾನ್ ಲೂಯಿಸ್ ಮಳಿಗೆ 2015ರ ನವೆಂಬರಿನಲ್ಲಿ ಟಿವಿಗೆ ಕೊಟ್ಟ ಎರಡು ನಿಮಿಷದ ಜಾಹೀರಾತು. ಮಾತೇ ಇಲ್ಲ, ಹಿನ್ನೆಲೆಯಲ್ಲೊಂದು ಹಾಡು ಅಷ್ಟೆ. ಆ ದೇಶದಲ್ಲಿ ಈ ಮಳಿಗೆಯ ಕ್ರಿಸ್‌ಮಸ್ ಜಾಹೀರಾತಿಗೆ ಜನ ಹೊಸ ಸಿನಿಮಾಕ್ಕೆ ಕಾದ ಹಾಗೆ ಕಾಯುತ್ತಾರೆ. 2007ರಿಂದ ವರ್ಷ ತಪ್ಪದೆ ಬರುತ್ತಿದೆ. ಪತ್ರಿಕೆಗಳು ವಿಮರ್ಶೆ ಬರೆಯುತ್ತವೆ, ಕಚೇರಿಗಳಲ್ಲಿ ಅದೇ ಮಾತು, ಹೋದ ವರ್ಷದ್ದೇ ಚೆನ್ನಾಗಿತ್ತು ಎನ್ನುವವರೂ ಸಿಗುತ್ತಾರೆ. ಆದರೆ 2015ರಲ್ಲಿ ಎದ್ದ ಮಾತು ಬೇರೆ ತೂಕದ್ದು.

ಅತ್ತವರು ಬಹಳ. ತಂದೆ ತಾಯಿಗೆ ಫೋನು ಹಚ್ಚಿದೆವು ಎಂದು ಹೇಳಿಕೊಂಡವರಿದ್ದರು. ಹಬ್ಬದ ಹೊತ್ತಿನಲ್ಲಿ ಇಷ್ಟು ದುಃಖ ಯಾಕೆ ಎಂದು ಬೇಸರಪಟ್ಟವರೂ ಇದ್ದರು. ಆಲ್ಡಿ ಎಂಬ ಇನ್ನೊಂದು ಅಂಗಡಿಯಂತೂ ಅದೇ ಚಂದ್ರನನ್ನು ಇಟ್ಟುಕೊಂಡು ಅಣಕು ಜಾಹೀರಾತು ಮಾಡಿ, ತನ್ನಲ್ಲಿ ದುರ್ಬೀನು ಇನ್ನೂ ಅಗ್ಗ ಎಂದು ಸಾರಿತು. ನನಗೆ ಮುಖ್ಯವಾಗಿ ಕಂಡದ್ದು ಮತ್ತೊಂದು ಬಗೆಯ ಪ್ರತಿಕ್ರಿಯೆ. ಈ ಪ್ರಚಾರಕ್ಕೆ ಒಟ್ಟು ಸುಮಾರು 70 ಲಕ್ಷ ಪೌಂಡ್ ಖರ್ಚಾಯಿತೆಂದು ಆಗ ಅಲ್ಲಿನ ಪತ್ರಿಕೆಗಳು ಬರೆದಿದ್ದವು. ಆ ದುಡ್ಡನ್ನೇ ಒಂಟಿ ವೃದ್ಧರಿಗೆ ಕೊಡಬಹುದಿತ್ತಲ್ಲ ಎಂದು ಜನ ಕೇಳಿದರು.

ಇದು ಹೊಟ್ಟೆಕಿಚ್ಚಿನ ಪ್ರಶ್ನೆ ಅಲ್ಲ. ಮಳಿಗೆ ಏನೂ ಕೊಡಲಿಲ್ಲ ಎಂದೂ ಅಲ್ಲ. ಹಿರಿಯರಿಗಾಗಿ ದುಡಿಯುವ ಏಜ್ ಯುಕೆ ಸಂಸ್ಥೆಯ ಜೊತೆ ಸೇರಿಯೇ ಜಾಹೀರಾತು ಮಾಡಿದ್ದರು, ಕೆಲವು ಸಾಮಾನುಗಳ ಲಾಭವನ್ನು ಆ ಸಂಸ್ಥೆಗೆ ಬಿಟ್ಟಿದ್ದರು. ತಿಂಗಳಿಡೀ ಸ್ನೇಹಿತರು, ನೆರೆಯವರು, ಮನೆಮಂದಿ ಯಾರೊಂದಿಗೂ ಮಾತಾಡದೆ ಇರುವ ಹಿರಿಯರು ಹತ್ತು ಲಕ್ಷಕ್ಕೂ ಹೆಚ್ಚು ಎಂದು ಆಗ ಆ ಸಂಸ್ಥೆ ಹೇಳುತ್ತಿತ್ತು. ಆದರೂ ಜನ ಕೇಳಿದ್ದು ಸರಿ ಎಂದೇ ನನಗನ್ನಿಸುತ್ತದೆ. ಇನ್ನೊಬ್ಬರ ಸಂಕಟವನ್ನು ಅಂಗಡಿಯ ಬಾಗಿಲಿಗೆ ತೋರಣವಾಗಿ ಕಟ್ಟಿದ ಮೇಲೆ ಆ ಸಂಕಟದ ಬಾಬತ್ತಿನಲ್ಲಿ ಸಾಲ ಮಾಡಿದಂತೆಯೇ. ಕಣ್ಣೀರು ಹಾಕಿದವರಿಗೆ ಅದರ ಲೆಕ್ಕ ಕೇಳುವ ಹಕ್ಕಿದೆ.

ಆ ನಾಡಿನಲ್ಲಿ ಡಿಸೆಂಬರ್ 25 ಹೇಗಿರುತ್ತದೆ ಎಂಬುದನ್ನು ತಿಳಿದರೆ ಈ ಸಿಟ್ಟು ಇನ್ನಷ್ಟು ಅರ್ಥವಾಗುತ್ತದೆ. ನಮ್ಮಲ್ಲಿ ಹಬ್ಬವೆಂದರೆ ಬೀದಿಯೇ ಎದ್ದು ನಿಲ್ಲುತ್ತದೆ, ಹೂವಿನವಳು ಕೂಗುತ್ತಾಳೆ, ಗುಡಿಯ ಗಂಟೆ ಕೇಳುತ್ತದೆ, ಒಂಟಿ ಮುದುಕಿಗೂ ಜಗುಲಿಯ ಮೇಲೆ ಕೂತರೆ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ಅಲ್ಲಿ ಅಂದು ರೈಲಿಲ್ಲ. ಲಂಡನ್ನಿನಲ್ಲಿ ಬಸ್ಸೂ ಇಲ್ಲ, ನೆಲದಡಿಯ ಟ್ಯೂಬ್ ಕೂಡ ಇಲ್ಲ. ದೊಡ್ಡ ಅಂಗಡಿಗಳು ಅಂದು ತೆರೆಯಲೇ ಕೂಡದು ಎಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2004ರಲ್ಲಿ ಕಾನೂನೇ ಆಗಿದೆ. ದುಡಿಯುವವರಿಗೆ ಒಂದು ದಿನದ ಬಿಡುವು ಸಿಗಲೆಂದು ಮಾಡಿದ ಒಳ್ಳೆಯ ಕಾನೂನು ಅದು. ಎಲ್ಲರೂ ಮನೆಯೊಳಗೆ, ಬಾಗಿಲು ಹಾಕಿಕೊಂಡು, ತಮ್ಮ ತಮ್ಮವರ ನಡುವೆ. ತನ್ನವರು ಅಂತ ಯಾರೂ ಇಲ್ಲದವರಿಗೆ ಹೊರಗೆ ಹೋಗಲು ದಾರಿಯಿಲ್ಲ, ಹೋದರೂ ಯಾರೂ ಕಾಣುವುದಿಲ್ಲ. ಚಂದ್ರನ ಆ ಬೂದು ಬಯಲು ಅಂದು ಅವರ ಬೀದಿಯೇ.

2018ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಇಂಥ ಒಂಟಿತನವನ್ನು ನೀಗಿಸುವ ಹೊಣೆಯನ್ನು ಸಚಿವೆಯೊಬ್ಬರಿಗೆ ವಹಿಸಿತು. ಮಳಿಗೆಯೂ ಕೆಲವು ವರ್ಷಗಳಲ್ಲಿ ಬೇರೆಯದೇ ರೀತಿ ಕಲಿತಿತು ಎನ್ನಬೇಕು. 2022ರ ಜಾಹೀರಾತಿನಲ್ಲಿ ನಡುವಯಸ್ಸಿನ ಗಂಡಸೊಬ್ಬ ಬಿದ್ದು, ಎದ್ದು, ಮೈಕೈ ನೋಯಿಸಿಕೊಂಡು ಸ್ಕೇಟ್‌ಬೋರ್ಡ್ ಕಲಿಯುತ್ತಾನೆ. ಯಾಕೆಂದು ಕಡೆಯವರೆಗೂ ತಿಳಿಯುವುದಿಲ್ಲ. ಬಾಗಿಲು ಬಡಿದ ಸದ್ದು. ತೆರೆದರೆ ಪಾಲನೆಗೆಂದು ಆ ಮನೆಗೆ ಬಂದಿರುವ ಹುಡುಗಿ ನಿಂತಿದ್ದಾಳೆ, ಕೈಯಲ್ಲೊಂದು ಸ್ಕೇಟ್‌ಬೋರ್ಡ್. ಹೆತ್ತವರಿಂದ ದೂರವಾಗಿ ಸರ್ಕಾರದ ಆಸರೆಯಲ್ಲಿರುವ ಮಕ್ಕಳು 1,08,000ಕ್ಕೂ ಹೆಚ್ಚು ಎಂಬ ಸಾಲು ಕೊನೆಗೆ ಪರದೆಯ ಮೇಲೆ ಬರುತ್ತದೆ. ಅಂಥ ಆಸರೆಯಲ್ಲಿ ಬೆಳೆದ ಯುವಕ ಯುವತಿಯರಿಗೆ ಮಳಿಗೆ ಅದೇ ಹೊತ್ತಿಗೆ ಕೆಲಸ ಕೊಡುವ ಯೋಜನೆಯನ್ನೂ ಹಾಕಿಕೊಂಡಿತ್ತು. ನನಗೆ ಇದು ದುರ್ಬೀನಿಗಿಂತ ಎಷ್ಟೋ ಹತ್ತಿರದ ಉಡುಗೊರೆ. ಇಲ್ಲಿ ಆ ಗಂಡಸು ಏನನ್ನೂ ಕಳಿಸಲಿಲ್ಲ. ಬರುವ ಮಗುವಿಗಾಗಿ ತಾನೇ ಬದಲಾದ.

ಚಂದ್ರನ ಮುದುಕ ನನ್ನನ್ನು ಬಿಡದಿರುವುದಕ್ಕೆ ಕಾರಣ ಮೈಸೂರಿನ ನಮ್ಮ ಎದುರು ಮನೆ. ಅಲ್ಲಿರುವ ಅಜ್ಜಿಯ ಮಗ, ಸೊಸೆ, ಮೊಮ್ಮಗಳು ಇಂಗ್ಲೆಂಡಿನಲ್ಲಿದ್ದಾರೆ. ಚಳಿಗಾಲದಲ್ಲಿ ಅವರಿಗೂ ನಮಗೂ ಐದೂವರೆ ಗಂಟೆಯ ಅಂತರ. ಭಾನುವಾರ ಸಂಜೆ ಅಜ್ಜಿ ಸಕ್ಕರೆ ಡಬ್ಬಿಗೆ ಮೊಬೈಲು ಒರಗಿಸಿಟ್ಟು ಕೂರುತ್ತಾರೆ. ಮೊಮ್ಮಗಳ ಹೊಸ ಹಲ್ಲು ಗೊತ್ತು, ಮಗನ ಅಡುಗೆಮನೆಯ ಶೆಲ್ಫಿನಲ್ಲಿ ಯಾವ ಬಾಟಲಿ ಎಲ್ಲಿದೆ ಅಂತಲೂ ಗೊತ್ತು. ಮಗ ಅಕ್ಕರೆಯವನೇ, ಒಂದು ವಾರವೂ ತಪ್ಪಿಸುವುದಿಲ್ಲ. ಕರೆ ಮುಗಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಾರೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ನನಗದು ಕಾಣುತ್ತದೆ. ಎಷ್ಟೋ ಭಾನುವಾರ ನೋಡಿಯೂ ನಾನು ರಸ್ತೆ ದಾಟಿ ಹೋಗಿರಲಿಲ್ಲ.

ಮೊನ್ನೆ ಹೋದೆ. ಮಾತೇ ಇಲ್ಲದ ಜಾಹೀರಾತಲ್ಲವೇ, ಭಾಷೆಯ ತೊಡಕಿಲ್ಲ ಎಂದು ಅವರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಕಡೆಯವರೆಗೂ ನೋಡಿದರು. ಅಳಲಿಲ್ಲ. ಫೋನು ನನ್ನ ಕೈಗೆ ಕೊಡುತ್ತಾ, "ಅಲ್ಲ ಕಣೇ, ಆ ಯಜಮಾನರು ಅಲ್ಲಿ ಊಟಕ್ಕೇನು ಮಾಡ್ತಾರೆ? ಆ ಮಗು ಆಮೇಲೆ ಹೋಗಿ ನೋಡ್ಕೊಂಡು ಬಂತಾ?" ಎಂದು ಕೇಳಿದರು.

ಇಲ್ಲ ಅಜ್ಜಿ, ಅಲ್ಲಿಗೇ ಮುಗಿಯುತ್ತೆ ಎಂದೆ. ಕಾಫಿಗೆ ನೀರಿಡಲು ಒಳಗೆ ಹೋದವರು, ಹಾಲು ಕಮ್ಮಿ ಇದೆ, ಇಬ್ಬರಿಗೆ ಸಾಲುತ್ತೋ ಇಲ್ಲವೋ ಅಂತ ಅಲ್ಲಿಂದಲೇ ಕೂಗಿದರು. ನಮ್ಮ ಮನೆಯಿಂದ ಅರ್ಧ ಲೀಟರ್ ತಂದೆ.