ಅಪ್ಪನ ‘ಒಂದೇ ನೈಂಟಿ’

ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ನಮ್ಮಂಥವರಿಗೆ ಊರಿಂದ ಬರೋ ಫೋನು ಹೆಚ್ಚುಕಮ್ಮಿ ಒಂದೇ ಥರ. ‘ನಿಮ್ಮಪ್ಪಂಗೆ ಮರೆವು ಜಾಸ್ತಿ ಆಗಿದೆ, ಮೊನ್ನೆ ಬಚ್ಚಲಲ್ಲಿ ಜಾರಿದ್ರು, ರಾತ್ರಿ ನಿದ್ದೇನೇ ಇಲ್ಲ.’ ವಯಸ್ಸಾಯ್ತಲ್ಲ ಅಂತ ನಾವೂ ಸುಮ್ಮನಾಗ್ತೀವಿ. ಡಾಕ್ಟರು ಬಿಪಿ, ಶುಗರ್ ನೋಡಿ ಕಳಿಸ್ತಾರೆ. ಊಟಕ್ಕೆ ಮುಂಚಿನ ಆ ಗ್ಲಾಸಿನ ಬಗ್ಗೆ ಅವರು ಕೇಳಲ್ಲ, ಮರ್ಯಾದೆಗೆ ಅಂಜಿ ಅಮ್ಮ ಹೇಳಲ್ಲ.

‘ಮೂವತ್ತು ವರ್ಷದಿಂದ ಒಂದೇ ನೈಂಟಿ, ಒಂದಿನ ತೂರಾಡಿದವರಲ್ಲ’ ಅನ್ನೋ ಸಮರ್ಥನೆ ಬೇರೆ. ನೈಂಟಿ ಅಂದ್ರೆ ಮೂರು ಪೆಗ್, ನೆನಪಿರಲಿ. ಅಳತೆ ಅದೇ ಇರಬಹುದು, ದೇಹ ಅದೇ ಅಲ್ಲ. ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಇಳಿಯುತ್ತೆ, ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ ಏರುತ್ತೆ. ಮೇಲೆ ಮಾತ್ರೆಗಳ ರಾಶಿ. ನಿದ್ದೆ ಮಾತ್ರೆ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಕೆಲವು ಶುಗರ್ ಮಾತ್ರೆ ನುಂಗಿ, ಊಟ ಬಿಟ್ಟು ಕುಡಿದರೆ ಸಕ್ಕರೆ ಅಂಶ ದಿಢೀರ್ ಕುಸಿಯಬಹುದು. ಬೆವರು, ತೊದಲು ನೋಡಿ ಮನೆಯವರು ‘ಇವತ್ತು ಜಾಸ್ತಿಯಾಯ್ತು, ಮಲಗಲಿ’ ಅಂತ ಬಿಟ್ಟುಬಿಡ್ತಾರೆ. ನನಗೆ ಎಲ್ಲಕ್ಕಿಂತ ಭಯ ಇದೇ.

ಪಾರ್ಟಿಯಲ್ಲಷ್ಟೇ ಮುಟ್ಟುತ್ತಿದ್ದು, ರಿಟೈರ್ ಆದಮೇಲೋ ಹೆಂಡತಿ ತೀರಿಕೊಂಡಮೇಲೋ ದಿನಾ ಶುರು ಹಚ್ಚಿಕೊಂಡವರೂ ಇದ್ದಾರೆ. ಇಂಥವರಿಗೆ ಚಿಕಿತ್ಸೆ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತೆ. ‘ಈ ವಯಸ್ಸಲ್ಲಿ ಇನ್ನೇನು ಬಿಡ್ತಾರೆ’ ಅಂತ ಕೈಚೆಲ್ಲೋದು ನಮ್ಮ ಸೋಮಾರಿತನ, ಅಷ್ಟೇ.

ಹಾಗಂತ ಬಾಟಲಿ ಒಡೆದು ‘ನಾಳೆಯಿಂದ ಬಂದ್’ ಅನ್ನಬೇಡಿ. ದಿನಾ ಜಾಸ್ತಿ ಕುಡಿಯೋರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣಿಸೋದು ಎಲ್ಲ ಆಗಬಹುದು, ಜೀವಕ್ಕೇ ಕುತ್ತು. ಆಸ್ಪತ್ರೆಯಲ್ಲಾದರೆ ಮಾತ್ರೆ, ಬಿ1 ವಿಟಮಿನ್ ಕೊಟ್ಟು ನೋಡಿಕೊಳ್ತಾರೆ. ಸಾರಿಗೆ ಗುಟ್ಟಾಗಿ ಬೆರೆಸೋ ‘ಕುಡಿತ ಬಿಡಿಸೋ ಪುಡಿ’ಯಂತೂ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಂ ಇದ್ದು, ಅವರು ಗೊತ್ತಿಲ್ಲದೆ ಕುಡಿದರೆ ಎದೆಬಡಿತ ಏರಿ ಬಿಪಿ ಕುಸಿಯುತ್ತೆ. ಹೃದಯದ ತೊಂದರೆ ಇರೋ ಹಿರಿಯರ ಗತಿ ಏನು?

ಮಾತೆತ್ತೋದಾದರೆ ರಾತ್ರಿ ಬೇಡ, ಬೆಳಗಿನ ಕಾಫಿ ಹೊತ್ತಲ್ಲಿ. ‘ಅಪ್ಪಾ, ನಿದ್ದೆ ಯಾಕೆ ಬರ್ತಿಲ್ಲ ಅಂತ ಒಂದ್ಸಲ ತೋರಿಸ್ಕೊಂಡು ಬರೋಣ’ ಅಂದರೆ ಸಾಕು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಅಲ್ಲಿತನಕ ಬರೋಕಾಗದಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಮನೇಲಿರೋ ಮಾತ್ರೆ ಸ್ಟ್ರಿಪ್ ಎಲ್ಲಾ ಒಂದು ಕವರ್‌ಗೆ ಹಾಕ್ಕೊಳ್ಳಿ. ದಿನಕ್ಕೆ ಎಷ್ಟು ಎಂಎಲ್ ಅಂತ ಅಮ್ಮನ್ನ ಮೊದಲೇ ಕೇಳಿಟ್ಟುಕೊಳ್ಳಿ. ಅಪ್ಪ ಹೇಳೋ ಲೆಕ್ಕ ಸ್ವಲ್ಪ ಕಡಿಮೇನೇ ಇರುತ್ತೆ.