ಕೆರೆ ಹೆಪ್ಪುಗಟ್ಟಿದರೆ ಮೀನಿನ ಗತಿಯೇನು? ಅಜ್ಜಿಗೆ ಕನ್ನಡದಲ್ಲೇ ಹೇಳೋಣ

ಪ್ರಿಯ ಪೋಷಕರೇ, ಕನ್ನಡ ಶಾಲೆಯ ಮಕ್ಕಳೇ,

ಹೋದ ತಿಂಗಳು ಒಂಟಾರಿಯೋದ ಚಳಿಗೆ ನಮ್ಮ ಮನೆ ಹತ್ತಿರದ ಕೆರೆ ದಪ್ಪಗೆ ಹೆಪ್ಪುಗಟ್ಟಿತ್ತು. ಒಂಬತ್ತನೇ ತರಗತಿಯ ಮಗಳು ಅದರ ಮೇಲೆ ಸ್ಕೇಟಿಂಗ್ ಮಾಡುವುದನ್ನು ತೀರ್ಥಹಳ್ಳಿಯಲ್ಲಿರುವ ಅವಳ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಜ್ಜಿ ಕೇಳಿದರು: "ಅಲ್ವೇ ಪುಟ್ಟಿ, ಕೆರೆ ಹಿಂಗೆ ಕಲ್ಲಾದ್ರೆ ಒಳಗಿರೋ ಮೀನಿನ ಗತಿ ಏನೇ?"

ಮಗಳಿಗೆ ಉತ್ತರ ಗೊತ್ತಿತ್ತು, ಶಾಲೆಯಲ್ಲಿ ಪಾಠ ಆಗಿತ್ತು. "ಹೈಡ್ರೋಜನ್ ಬಾಂಡ್ ಅಂತ ಇದೆ ಅಜ್ಜಿ..." ಎಂದವಳು ಅಲ್ಲಿಗೇ ನಿಂತು, "ಅಮ್ಮಾ, ನೀನೇ ಹೇಳು" ಎಂದಳು. ನನಗೂ ಕನ್ನಡದಲ್ಲಿ ಬಾಯಿ ಬರಲಿಲ್ಲ. "ಅದೇನೋ ಸೈನ್ಸ್ ಬಿಡಿ ಅತ್ತೆ" ಎಂದು ಮಾತು ತೇಲಿಸಿದೆ. ಅತ್ತೆ ಸುಮ್ಮನಾದರು. ಅವರು ಸುಮ್ಮನಾದದ್ದು ನನ್ನನ್ನು ಬಹಳ ದಿನ ಕಾಡಿತು.

ನಮ್ಮ ಮನೆಗಳಲ್ಲಿ ಊಟ, ಹಬ್ಬ, ಗದರಿಕೆ ಎಲ್ಲ ಕನ್ನಡದಲ್ಲಿ ನಡೆಯುತ್ತವೆ. "ಯಾಕೆ?" ಎಂಬ ಪ್ರಶ್ನೆ ಬಂದ ಕೂಡಲೇ ನಾವು ಇಂಗ್ಲಿಷಿಗೆ ಹೊರಳುತ್ತೇವೆ. ಹೀಗಾದರೆ ಕನ್ನಡ ಇರುವುದು ಅನ್ನ ಕೇಳುವುದಕ್ಕೆ, ಯೋಚಿಸುವುದಕ್ಕಲ್ಲ ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ಅದು ತಪ್ಪು ಎಂದು ತೋರಿಸಲು ಅಜ್ಜಿಯ ಪ್ರಶ್ನೆಗೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣುಗಳಿವೆ. ಮೂವರೂ ಒಂದೇ ಕಂಬಳಿ ಹೊದ್ದು ಮಲಗಿದ್ದಾರೆ ಎಂದುಕೊಳ್ಳಿ. ಎಲೆಕ್ಟ್ರಾನುಗಳೇ ಆ ಕಂಬಳಿ. ನಡುವೆ ಮಲಗಿದ ಆಮ್ಲಜನಕ ಕಂಬಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎಲೆಕ್ಟ್ರಾನಿನದು ಋಣ ವಿದ್ಯುತ್ತು. ಆದ್ದರಿಂದ ಆಮ್ಲಜನಕದ ಕಡೆ ತುಸು ಋಣವಾಗುತ್ತದೆ, ಅರ್ಧಂಬರ್ಧ ಹೊದಿಕೆಯ ಜಲಜನಕಗಳ ಕಡೆ ತುಸು ಧನವಾಗುತ್ತದೆ. ಋಣ ಮತ್ತು ಧನ ಒಂದನ್ನೊಂದು ಸೆಳೆಯುತ್ತವೆ. ಹಾಗಾಗಿ ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕದ ಕಡೆಗೆ ವಾಲುತ್ತದೆ. ಈ ಸೆಳೆತವೇ ಜಲಜನಕ ಬಂಧ, ಅಂದರೆ ಹೈಡ್ರೋಜನ್ ಬಾಂಡ್.

ಮಕ್ಕಳೇ, ಇಲ್ಲಿ ಅನೇಕರು ಎಡವುತ್ತಾರೆ. ಒಂದೇ ಅಣುವಿನೊಳಗೆ ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧ ಇದಲ್ಲ. ಅದು ಮನೆಯೊಳಗಿನ ನಂಟು, ಇದು ನೆರೆಮನೆಯ ನಂಟು. ಮನೆಯೊಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತನೇ ಒಂದು ಪಾಲು. ಹರಿಯುವ ನೀರಿನಲ್ಲಿ ಕ್ಷಣಕ್ಷಣವೂ ಕಡಿಯುತ್ತದೆ, ಮತ್ತೆ ಕೂಡುತ್ತದೆ.

ಆದರೂ ಇದನ್ನು ಹಗುರವಾಗಿ ಕಾಣಬೇಡಿ. ನೀರಿನ ಅಣುವಿಗಿಂತ ಹೈಡ್ರೋಜನ್ ಸಲ್ಫೈಡಿನ ಅಣು ಹೆಚ್ಚುಕಡಿಮೆ ಎರಡರಷ್ಟು ಭಾರ. ಅಲ್ಲಿರುವ ಗಂಧಕಕ್ಕೆ ಕಂಬಳಿ ಎಳೆಯುವ ಶಕ್ತಿ ಕಡಿಮೆ, ಹಾಗಾಗಿ ಅದು ಸುಮಾರು ಮೈನಸ್ 60 ಡಿಗ್ರಿಗೇ ಕುದಿದು ಅನಿಲವಾಗುತ್ತದೆ. ನೀರು ಕುದಿಯಲು 100 ಡಿಗ್ರಿ ಬೇಕು. ಈ ಬಂಧ ಇಲ್ಲದಿದ್ದರೆ ನಮ್ಮ ಲೋಟದಲ್ಲಿ ನೀರೇ ನಿಲ್ಲುತ್ತಿರಲಿಲ್ಲ.

ಈಗ ಮೀನಿನ ವಿಷಯ. ನೀರಿನ ಅಣುಗಳು ಜಾತ್ರೆಯ ಜನರಂತೆ ನುಗ್ಗಾಡುತ್ತವೆ. ಹೆಪ್ಪುಗಟ್ಟಿದಾಗ ಪ್ರತಿ ಅಣುವೂ ನಾಲ್ಕು ನೆರೆಯವರನ್ನು ತೋಳಳತೆಯ ದೂರದಲ್ಲಿ ಹಿಡಿದು ನಿಂತುಬಿಡುತ್ತದೆ. ನಡುವೆ ಜಾಗ ಖಾಲಿ ಉಳಿಯುತ್ತದೆ. ಅದಕ್ಕೇ ಮಂಜುಗಡ್ಡೆ ಸುಮಾರು ಶೇಕಡಾ 9ರಷ್ಟು ಹಿಗ್ಗಿ, ನೀರಿಗಿಂತ ಹಗುರವಾಗಿ ತೇಲುತ್ತದೆ. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ, ಆ ನೀರು ತಳಕ್ಕೆ ಇಳಿಯುತ್ತದೆ. ಮೇಲೆ ಗಡ್ಡೆ, ಕೆಳಗೆ ನೀರು, ಆ ನೀರಿನಲ್ಲಿ ಮೀನು.

"ಪರೀಕ್ಷೆ ಇಂಗ್ಲಿಷಿನಲ್ಲಿ ತಾನೇ, ಎರಡೆರಡು ಪದ ಕಲಿತರೆ ಗೊಂದಲವಾಗುವುದಿಲ್ಲವೇ?" ಎಂದು ಕೆಲವು ಪೋಷಕರು ಕೇಳಬಹುದು. ಹೈಡ್ರೋಜನ್ ಎಂದೇ ಹೇಳಿ, ತಪ್ಪಿಲ್ಲ, ವಾಕ್ಯ ಕನ್ನಡದ್ದಾಗಿದ್ದರೆ ಸಾಕು. ಜಲಜನಕ ಎಂಬ ಪದ ಗೊತ್ತಿದ್ದರೆ ಲಾಭವೂ ಇದೆ. ಹೈಡ್ರೋಜನ್ ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಅರ್ಥವೂ 'ನೀರನ್ನು ಹುಟ್ಟಿಸುವುದು' ಎಂದೇ. ಇಂಗ್ಲಿಷ್ ಪದದಲ್ಲಿ ಅಡಗಿ ಕೂತ ಅರ್ಥ ಕನ್ನಡದಲ್ಲಿ ಎದುರಿಗೇ ನಿಂತಿದೆ.

ಇದು ಹೊಸ ಸಾಹಸವೂ ಅಲ್ಲ. ಅಮೆರಿಕದ ಲ್ಯಾಟಿಮರ್ ಮತ್ತು ರೋಡ್‌ಬುಷ್ ನೀರಿನಲ್ಲಿರುವ ಈ ಬಂಧವನ್ನು ವಿವರಿಸಿದ್ದು 1920ರಲ್ಲಿ. ಅದಕ್ಕೂ ಮೊದಲೇ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನೇ ಆರಂಭಿಸಿದ್ದರು. ಅವರು ಪತ್ರಿಕೆ ನಡೆಸಿದರು, ನಮಗೆ ಊಟದ ಮೇಜಿನಲ್ಲಿ ಹತ್ತು ನಿಮಿಷ ಮಾತಾಡಲು ಆಗದೇ?

ಮರುವಾರ ಮಗಳು ಅಜ್ಜಿಗೆ ಫೋನ್ ಮಾಡಿ ತಡವರಿಸುತ್ತಲೇ ಎಲ್ಲ ಹೇಳಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಆ ಗಡ್ಡೆ ಮೀನಿಗೆ ಕಂಬಳಿ ಆಯ್ತು ಅನ್ನು" ಎಂದರು. ಮಗಳು ನನ್ನ ಮುಖ ನೋಡಿದಳು. ಅಜ್ಜಿ ಹೇಳಿದ್ದು ಸರಿಯೇ, ಮೇಲಿನ ಮಂಜುಗಡ್ಡೆ ಕೆಳಗಿನ ನೀರಿನ ಶಾಖ ಬೇಗ ಸೋರದಂತೆ ತಡೆಯುತ್ತದೆ.

ಮಕ್ಕಳೇ, ಈ ತಿಂಗಳು ನಿಮಗೊಂದು ಕೆಲಸ. ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ನೀರು ತುಂಬಿ, ನೀರಿನ ಮಟ್ಟಕ್ಕೆ ಗೆರೆ ಎಳೆದು, ನೆಟ್ಟಗೆ ಫ್ರೀಜರಿನಲ್ಲಿಡಿ. ಬೆಳಗ್ಗೆ ಗೆರೆ ನೋಡಿ. ಹಾಗೇಕಾಯಿತು ಎಂದು ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಕನ್ನಡದಲ್ಲಿ ಹೇಳಿ. ಪೋಷಕರೇ, ಅವರು ತಡವರಿಸಿದಾಗ ಇಂಗ್ಲಿಷಿನಲ್ಲಿ ಮುಗಿಸಿಕೊಡಬೇಡಿ, ಸ್ವಲ್ಪ ಕಾಯಿರಿ.

ಇಂತಿ,
ನಿಮ್ಮಂತೆಯೇ ಒಬ್ಬ ತಾಯಿ